ಬೇರೆ ಕಡೆ ನೋಡಿದ ಎಲೆ

"ಬಂತಪ್ಪ ನೊಣ," ಎಂದರು ಇನ್‌ಸ್ಪೆಕ್ಟರ್, ನನಗೆ ಕೇಳಲಿ ಎಂದೇ.

ಠಾಣೆಯಲ್ಲಿ ನನಗಿಟ್ಟ ಹೆಸರು ಅದು. ಓಡಿಸಿದಷ್ಟೂ ಬಂದು ಕೂರುತ್ತೇನಂತೆ. ಪತ್ತೇದಾರಿ ಕೆಲಸ ಮಾಡುವ ಹೆಂಗಸಿಗೆ ಪೊಲೀಸರ ಬಾಯಲ್ಲಿ ಇದಕ್ಕಿಂತ ಒಳ್ಳೆಯ ಮಾತು ಬರುವುದಿಲ್ಲ. ಹಾಗಾಗಿ ಬೇಸರ ಮಾಡಿಕೊಳ್ಳುವುದನ್ನು ಬಿಟ್ಟಿದ್ದೇನೆ.

"ಸೀಲು ತೆಗೀರಿ ಸಾರ್. ಒಂದೇ ಒಂದು ಎಲೆ ನೋಡ್ಕೊಂಡು ಹೋಗ್ತೀನಿ."

"ಎಲೆ ನೋಡೋಕೆ ತೋಟಕ್ಕೆ ಹೋಗಿ. ಇದು ಕೊಲೆ ನಡೆದ ಜಾಗ."

"ಅದಕ್ಕೇ ಇಲ್ಲಿಗೆ ಬಂದಿದ್ದು."

ಗೊಣಗಿಕೊಳ್ಳುತ್ತಲೇ ಅವರು ಬಾಗಿಲಿನ ಅರಗಿನ ಮುದ್ರೆ ಒಡೆದರು. ಗಿಟಾರ್ ಕಟ್ಟುವ ಬಳ್ಳಿ ಮೇಸ್ತ್ರಿಯನ್ನು ಇದೇ ಕಾರ್ಖಾನೆಯಲ್ಲಿ ಯಾರೋ ಮರ ಬಿಗಿಹಿಡಿಯುವ ಕಬ್ಬಿಣದ ಕ್ಲಾಂಪಿನಿಂದ ಹೊಡೆದು ಕೊಂದದ್ದು ಮೊನ್ನೆ. ಕ್ಲಾಂಪಿನ ಮೇಲೆ ಬೆರಳಚ್ಚು ಸಿಕ್ಕಿತೆಂದು ಅವರ ತಮ್ಮನನ್ನು ಆವತ್ತೇ ಎಳೆದುಕೊಂಡು ಹೋಗಿದ್ದರು. ಇವತ್ತು ಸಂಜೆ ಕೊಲೆ ಆರೋಪ ಹೊರಿಸಿ ಕೋರ್ಟಿಗೆ ಒಪ್ಪಿಸುವವರಿದ್ದರು. ಅಷ್ಟರೊಳಗೆ ಅವನನ್ನು ಬಿಡಿಸಬೇಕಾದದ್ದು ನನ್ನ ಕೆಲಸ.

ನನ್ನನ್ನು ಗೊತ್ತು ಮಾಡಿದವಳು ಮೇಸ್ತ್ರಿಯ ಮಗಳು. ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ. ಊರಿನ ಬೊಚ್ಚುಬಾಯಿಗಳಿಗೆಲ್ಲ ಹಲ್ಲು ತಿದ್ದಿ ಕೊಡುತ್ತಾಳೆ. ಅಪ್ಪನ ಜೊತೆ ಜಗಳವಾಡಿ ಮನೆ ಬಿಟ್ಟವಳು, ವರ್ಷಗಳಿಂದ ಆ ಹೊಸ್ತಿಲು ತುಳಿದಿಲ್ಲ ಎಂದಿದ್ದಳು. ನನ್ನ ಆಫೀಸಿನ ಮೇಜು ಎಡಗಡೆಯ ಗೋಡೆಗೆ ಒತ್ತಿಕೊಂಡಿದೆ. ಒಪ್ಪಂದಕ್ಕೆ ಸಹಿ ಹಾಕುವಾಗ ಅವಳ ಮೊಣಕೈ ಗೋಡೆಗೆ ಬಡಿಯಿತು. "ಥತ್," ಎಂದು ಕುರ್ಚಿ ಸರಿಸಿಕೊಂಡು, ತಲೆ ಎತ್ತದೆ ಹೇಳಿದಳು: "ಚಿಕ್ಕಪ್ಪ ಕೊಂದಿಲ್ಲ. ಅದು ನನಗೆ ಗೊತ್ತು. ಕಿಟಕಿ ಕೆಳಗಿನ ಬೆಂಚು ಸರಿಯಾಗಿ ನೋಡಿ. ಅವರನ್ನ ಬಿಡಿಸಿಕೊಡಿ, ಸಾಕು."

ಕೊಂದವರನ್ನು ಹಿಡಿದುಕೊಡಿ ಅಂತ ಅವಳು ಕೇಳಲಿಲ್ಲ. ಚಿಕ್ಕಪ್ಪನ ಮೇಲಿನ ಪ್ರೀತಿ ಎಂದುಕೊಂಡು ನಾನೂ ಸುಮ್ಮನಾದೆ.

ಒಳಗೆ ಮರದ ಪುಡಿಯ ವಾಸನೆ, ಆರಿದ ಗೋಂದಿನ ವಾಸನೆ. ಕತ್ತು ಜೋಡಿಸದ ಗಿಟಾರುಗಳು ಸಾಲಾಗಿ ತಂತಿಗೆ ನೇತುಬಿದ್ದಿದ್ದವು. ಗೋಡೆ ತುಂಬ ಫೋಟೋಗಳು: ಮೇಸ್ತ್ರಿ ಹಾರ ಹಾಕಿಸಿಕೊಳ್ಳುತ್ತಿರುವುದು, ಮೇಸ್ತ್ರಿ ಭಾಷಣ ಮಾಡುತ್ತಿರುವುದು, ಮೇಸ್ತ್ರಿ ಯಾರೋ ದೊಡ್ಡ ವಾದಕನ ಕೈಗೆ ಗಿಟಾರ್ ಕೊಡುತ್ತ ಕ್ಯಾಮೆರಾ ನೋಡುತ್ತಿರುವುದು. ತಮ್ಮ ಎರಡರಲ್ಲಿ ಇದ್ದ, ಅದೂ ಅರ್ಧ. ಹೆಂಡತಿ ಒಂದರಲ್ಲೂ ಇರಲಿಲ್ಲ.

ಈ ಎಲ್ಲ ಹಾರತುರಾಯಿ ಬಂದದ್ದು ಒಂದು ಬಳ್ಳಿಯಿಂದ. ಗಿಟಾರಿನ ಕತ್ತಿನ ಮೇಲೆ ಬೆರಳಾಡಿಸುವ ಕರಿಮರದ ಪಟ್ಟಿ ಇರುತ್ತದಲ್ಲ, ಅದರಲ್ಲಿ ಎಲೆಯಾಕಾರದ ಗುಳಿ ತೋಡಿ, ಮುತ್ತಿನ ಚಿಪ್ಪಿನಿಂದ ಅದೇ ಅಳತೆಯ ಎಲೆ ಕೊಯ್ದು, ಸಂದು ಕಾಣದ ಹಾಗೆ ಕೂರಿಸುವುದು. ಹಾಗೆ ಉದ್ದಕ್ಕೂ ಒಂದು ಬಳ್ಳಿ ಹಬ್ಬಿಸುವುದು. ಇಂಥ ಬಳ್ಳಿ ಬೇರೆ ಯಾರ ಕೈಯಲ್ಲೂ ಹಬ್ಬುವುದಿಲ್ಲ ಎಂದು ಗಿಟಾರ್ ನುಡಿಸುವವರು ಹೇಳುತ್ತಿದ್ದರು. ಮೇಸ್ತ್ರಿಗೆ ಆ ಹೆಸರು ಬಂದದ್ದು ಹಾಗೆ.

ಕಿಟಕಿ ಕೆಳಗಿನ ಬೆಂಚಿನ ಮೇಲೆ ಇಕ್ಕಳದಲ್ಲಿ ಬಿಗಿದಿದ್ದ ಗಿಟಾರಿನ ಕತ್ತು ಮೊನ್ನೆ ಇದ್ದ ಹಾಗೇ ಇತ್ತು. ಅದರ ಪಕ್ಕದ ನೆಲದಲ್ಲಿ ಸೀಮೆಸುಣ್ಣದ ಗೆರೆ.

ಬೆಳಿಗ್ಗೆ ಲಾಕಪ್ಪಿನಲ್ಲಿ ತಮ್ಮ ಹೇಳಿದ ಮಾತು ನನ್ನ ಕಿವಿಯಲ್ಲೇ ಇತ್ತು.

"ಬಳ್ಳಿಯ ತುದಿ ಎಲೆ ನೋಡಿ ಮೇಡಮ್. ಅದು ಬೇರೆ ಕಡೆ ನೋಡ್ತಿದೆ. ನಮ್ಮ ಅಂಗಡೀಲಿ ಹಾಗೆ ಕೂರ್ಸೋದಿಲ್ಲ. ಯಾರೋ ಹೊರಗಿನೋರು ಕೈಯಾಡಿಸಿದ್ದಾರೆ, ಅದನ್ನ ಹಿಡೀರಿ ನೀವು."

"ಎಲೆ ನೋಡೋದು ಅಂದ್ರೆ?"

"ಚಿಪ್ಪಿಗೆ ಒಂದು ಮುಖ ಇರುತ್ತೆ. ಒಂದು ಕಡೆಯಿಂದ ನೋಡಿದ್ರೆ ಬೆಳಗುತ್ತೆ, ಆಚೆ ಕಡೆಯಿಂದ ನೋಡಿದ್ರೆ ಮಂಕು. ಎಲ್ಲಾ ಎಲೇನೂ ನುಡಿಸೋನ ಕಡೆಗೇ ಬೆಳಗ್ಬೇಕು. ಕೇಳೋಕೆ ಬಂದೋರಿಗೆ ಸದ್ದು ಸಾಕು, ಹೊಳಪು ನುಡಿಸೋನಿಗೆ. ನಮ್ಮ ಅಂಗಡಿ ನಿಯಮ ಅದು."

ಒಳ್ಳೆಯ ಮಾತುಗಾರ. ಕೈಗೆ ಬೇಡಿ ಬಿದ್ದಿದ್ದರೂ ನನಗೇ ಕುರ್ಚಿ ತೋರಿಸಿ ಕೂರಿಸಿದ್ದ. ಅವನ ಕೆಲಸ ಗಿಟಾರಿನ ಪೆಟ್ಟಿಗೆ ಕಟ್ಟುವುದು, ಬೀಟೆ ಮರ ಬಗ್ಗಿಸಿ ಅದಕ್ಕೆ ಸೊಂಟ ಕೊಡುವುದು. ಚಿಪ್ಪಿನ ಗರಗಸ ಮುಟ್ಟಿದವನಲ್ಲ. ಮೊನ್ನೆ ಬೆಳಕು ಹರಿಯುವ ಮುಂಚೆಯೇ ಮರದ ಡಿಪೋಗೆ ಹೋದವನು ಕಾರ್ಖಾನೆಗೆ ಕಾಲಿಟ್ಟಿಲ್ಲ, ಪೊಲೀಸರು ಬಂದು ಹಿಡಿದದ್ದೂ ಡಿಪೋದಲ್ಲೇ ಎಂದು ಅವನ ಹೇಳಿಕೆ. ಡಿಪೋದವರು ಮಾತ್ರ, ಇದ್ದ ಅಂತಲೂ ಹೇಳಲಿಲ್ಲ, ಇರಲಿಲ್ಲ ಅಂತಲೂ ಹೇಳಲಿಲ್ಲ.

ನಾನು ಬೆಂಚಿಗೂ ಕಿಟಕಿಗೂ ನಡುವೆ, ನುಡಿಸುವವನು ಇರಬೇಕಾದ ಕಡೆ ನಿಂತು ಬಗ್ಗಿ ನೋಡಿದೆ.

ಬಳ್ಳಿ ಪೂರ್ತಿ ಬೆಳಗಿತು. ಬುಡದಿಂದ ತುದಿಯವರೆಗೆ ಒಂದೆಲೆಯೂ ಮಂಕಾಗಿರಲಿಲ್ಲ.

"ಆಯ್ತಾ ದರ್ಶನ?" ಎಂದರು ಇನ್‌ಸ್ಪೆಕ್ಟರ್.

"ಮೊನ್ನೆ ತೆಗೆದ ಫೋಟೋ ಕೊಡಿ."

ಪೊಲೀಸ್ ಫೋಟೋಗ್ರಾಫರ್ ಬೆಂಚಿನದು ಎರಡು ತೆಗೆದಿದ್ದ, ಕಿಟಕಿ ಕಡೆಯಿಂದ ಒಂದು, ಬಾಗಿಲ ಕಡೆಯಿಂದ ಒಂದು. ಕಿಟಕಿ ಕಡೆಯದನ್ನು ಬೆಂಚಿನ ಮೇಲಿಟ್ಟು ಕತ್ತಿನ ಜೊತೆ ಹೋಲಿಸಿದೆ. ಫೋಟೋದಲ್ಲಿ ಬಳ್ಳಿ ಬೆಳ್ಳಗೆ ಬೆಳಗುತ್ತಿತ್ತು. ತುದಿಯ ಎಲೆ ಮಾತ್ರ ಬೂದುಗಪ್ಪು.

"ಸಾರ್, ಇಲ್ಲಿ ಬನ್ನಿ. ಫೋಟೋದಲ್ಲಿ ಈ ಎಲೆ ಹೇಗಿದೆ?"

"ಕಪ್ಪಗಿದೆ."

"ಈಗ?"

ಅವರು ಬಗ್ಗಿದರು. ಎದ್ದರು. ಮತ್ತೆ ಬಗ್ಗಿದರು. ಮನುಷ್ಯ ಒರಟ, ಆದರೆ ಕುರುಡನಲ್ಲ.

"ಬೆಳಕಿನ ವ್ಯತ್ಯಾಸ ಇರ್ಬೋದು."

"ಹಾಗಿದ್ರೆ ಎಲ್ಲಾ ಎಲೇನೂ ಬದಲಾಗ್ಬೇಕಿತ್ತು. ಸುತ್ತ ನೋಡಿ. ಬೇರೆ ಎಲೆಗಳ ಸಂದಿಗೆ ಕರಿಮರದ ಪುಡಿ ತುಂಬಿ ತೀಡಿದ್ದಾರೆ. ಇದರ ಸುತ್ತ ಇನ್ನೂ ಕೂದಲೆಳೆಯಷ್ಟು ಸಂದಿದೆ. ಇದು ಹೊಸ ಎಲೆ. ಹಳೇದನ್ನ ಎಬ್ಬಿಸಿ, ಅದೇ ಗುಳಿಗೆ ಬೇರೆ ಎಲೆ ಕೊಯ್ದು ಕೂರ್ಸಿದ್ದಾರೆ. ನೀವು ಸೀಲು ಹಾಕಿದ ಮೇಲೆ."

"ಸೀಲು ನಾನೇ ಈಗ ಒಡೆದದ್ದು!"

"ಮುಂಬಾಗಿಲ ಸೀಲು. ಆ ಬಾಗಿಲಿಗೆ?"

ಹಿಂದಿನ ಗೋಡೆಯಲ್ಲಿ, ಒರಗಿಸಿಟ್ಟ ಹಲಗೆಗಳ ಮರೆಯಲ್ಲಿ, ಒಂದು ಕಿರುಬಾಗಿಲಿತ್ತು. ಆಚೆಗೆ ಮನೆಯ ಉಗ್ರಾಣ. ಹಲಗೆಗಳನ್ನು ಯಾರೋ ಒಂದಾಳು ನುಸುಳುವಷ್ಟು ಪಕ್ಕಕ್ಕೆ ಸರಿಸಿದ್ದರು. ನೆಲದ ಧೂಳಿನಲ್ಲಿ ಅವು ಎಳೆದ ಗುರುತಿತ್ತು. ಕೋಟೆ ಬಾಗಿಲಿಗೆ ಬೀಗ ಜಡಿದು ಹಿತ್ತಲ ಬಾಗಿಲು ತೆರೆದಿಟ್ಟಿದ್ದರು ನಮ್ಮ ಪೊಲೀಸರು.

"ಈಗ ಹೇಳಿ ಸಾರ್. ಮೊನ್ನೆಯಿಂದ ತಮ್ಮ ಎಲ್ಲಿದ್ದಾನೆ?"

"ನಮ್ಮ ಲಾಕಪ್ಪಲ್ಲಿ."

"ಅಂದ್ಮೇಲೆ ಸಾಕ್ಷಿ ತಿದ್ದಿದ್ದು ಅವನಲ್ಲ. ಚಿಪ್ಪು ಕೂರ್ಸೋಕೆ ಬರೋ ಇನ್ನೊಬ್ಬರು ಈ ಮನೇಲಿ ಓಡಾಡ್ತಿದ್ದಾರೆ, ಏನೋ ಮುಚ್ಚಿಡ್ತಿದ್ದಾರೆ. ಇದನ್ನ ಇಟ್ಕೊಂಡು ಸಂಜೆ ಕೋರ್ಟಿಗೆ ಹೋದ್ರೆ ಅವನ ವಕೀಲ ನಿಮ್ಮನ್ನ ಹುರಿದು ಮುಕ್ತಾನೆ."

ಇನ್‌ಸ್ಪೆಕ್ಟರ್ ಮುಖ ಹುಳ್ಳಗೆ ಮಾಡಿಕೊಂಡು ಫೋನ್ ತೆಗೆದು ಹೊರಗೆ ಹೋದರು. "ಸಾಹೇಬ್ರೇ, ಒಂದು ವಿಷ್ಯ..." ಎನ್ನುವುದು ಕೇಳಿಸಿತು. ನನಗೆ ಗೆದ್ದಷ್ಟು ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗ ಬಾಯಿ ಕಹಿಯಾಗುತ್ತದೆ.

ನಾನು ಹಲಗೆ ಸರಿಸಿ ಕಿರುಬಾಗಿಲು ತಳ್ಳಿದೆ.

ಉಗ್ರಾಣ ಎನ್ನುವುದು ಹೆಸರಿಗೆ. ಡಬ್ಬಿ, ಚೀಲ, ಮುರಿದ ಕುರ್ಚಿ ಎಲ್ಲ ಇದ್ದವು, ಆದರೆ ಎಲ್ಲವನ್ನೂ ಒಂದು ಮೂಲೆಗೆ ಒತ್ತಿಟ್ಟಿದ್ದರು. ಮಧ್ಯದಲ್ಲಿ ಹಳೆಯ ಹೊಲಿಗೆ ಮೇಜು. ಅದರ ಅಂಚಿಗೆ ಒಂದು ಸಣ್ಣ ಹಲಗೆಯನ್ನು ಮೊಳೆ ತಿರುಗಿಸಿ ಬಿಗಿದಿದ್ದರು. ಹಲಗೆಯ ತುದಿಯಲ್ಲಿ ಹಕ್ಕಿ ಬಾಯಿ ತೆರೆದ ಹಾಗೆ ಒಂದು ಕಚ್ಚು. ಕಿಟಕಿ ಇತ್ತು. ಮುಚ್ಚಿದ ಕಿಟಕಿಯ ಸಂದುಗೊಂದಿಗೆಲ್ಲ ಹಳೆಯ ಬಟ್ಟೆ ತುರುಕಿ, ಮೇಲೆ ಬಣ್ಣ ಬಳಿದಿದ್ದರು. ಇಂಥ ಕಿಟಕಿಯನ್ನು ಗೋಡೆ ಎಂದರೂ ನಡೆದೀತು.

ಕಚ್ಚಿನ ಕೆಳಗೆ ಬೆರಳಾಡಿಸಿದೆ. ಬಿಳಿ ಪುಡಿ ಅಂಟಿತು. ಅದರ ಮೇಲೆ ಧೂಳಿರಲಿಲ್ಲ.

"ಅದು ಬಟ್ಟೆ ಹಿಡ್ಕೊಳ್ಳೋಕೆ," ಎಂದಿತು ಹಿಂದಿನಿಂದ ಒಂದು ದನಿ.

ಮೇಸ್ತ್ರಿಯ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದರು, ಕೈಯಲ್ಲಿ ತೊಳೆದ ಲೋಟ. ತೆಳ್ಳಗಿನ ಹೆಂಗಸು. ಮಾತಾಡುವ ಮುಂಚೆ ಒಮ್ಮೆ ಉಸಿರು ಕೂಡಿಸಿಕೊಳ್ಳುವ ಅಭ್ಯಾಸ. ಮೊನ್ನೆ ಎದೆ ತೋರಿಸಿಕೊಳ್ಳಲು ಆಸ್ಪತ್ರೆಗೆ ಹೋಗಿ ಸಂಜೆ ಬಂದು, ಗಂಡನ ಹೆಣವನ್ನು ಮೊದಲು ಕಂಡವರು ಅವರೇ.

"ಬಟ್ಟೆ ಕೊಯ್ದರೆ ಬಿಳಿ ಪುಡಿ ಉದುರುತ್ತಾ ಅಮ್ಮ?"

ಅವರು ಲೋಟವನ್ನು ಮೇಜಿನ ಮೇಲಿಟ್ಟರು.

"ಕೂತ್ಕೊಳ್ಳಿ," ಎಂದೆ. "ಇದು ಚಿಪ್ಪು ಇಟ್ಕೊಂಡು ಗರಗಸ ಆಡಿಸೋ ಹಲಗೆ. ಕಾರ್ಖಾನೇಲಿ ಇರ್ಬೇಕಾಗಿತ್ತು. ಉಗ್ರಾಣದಲ್ಲಿ ಯಾಕಿದೆ?"

"ಜಾಗ ಇರ್ಲಿಲ್ಲ."

"ಅಷ್ಟು ದೊಡ್ಡ ಕಾರ್ಖಾನೇಲಿ?"

ಅವರಿಗೆ ಕೆಮ್ಮು ಬಂತು. ಒಣ ಕೆಮ್ಮು, ತಡೆದಷ್ಟೂ ಒದ್ದುಕೊಂಡು ಬರುವಂಥದ್ದು. ಆ ಕೆಮ್ಮು ಮುಗಿಯುವ ಹೊತ್ತಿಗೆ ನಾನು ಕಿಟಕಿಯ ಬಣ್ಣ ನೋಡಿದೆ, ಮೇಜಿನ ಕಾಲ ಬಳಿ ಸವೆದ ನೆಲ ನೋಡಿದೆ. ಗೋಡೆಯ ಮೇಲಿನ ಫೋಟೋಗಳು ನೆನಪಾದವು.

"ಬಳ್ಳಿ ನಿಮ್ಮದು," ಎಂದೆ.

"ಯಾವ ಬಳ್ಳಿ?"

"ಎಲ್ಲಾ ಬಳ್ಳೀನೂ."

ಅವರು ಸಣ್ಣಗೆ ನಕ್ಕರು. ಆ ನಗುವಿನಲ್ಲಿ ಸಂತೋಷದ ಗಂಧವೂ ಇರಲಿಲ್ಲ.

"ನನ್ನ ತವರಲ್ಲಿ ಚಿಪ್ಪಿನ ಗುಂಡಿ ಮಾಡ್ತಿದ್ರು. ಅಂಗಿ ಗುಂಡಿ. ನಡೆಯೋಕೆ ಕಲಿಯೋ ಮುಂಚೆ ಚಿಪ್ಪು ಕೊಯ್ಯೋದು ಕಲ್ತೆ. ಮದುವೆಯಾಗಿ ಬಂದ ಹೊಸದ್ರಲ್ಲಿ ಸುಮ್ನೆ ಇರ್ಲಾರ್ದೆ ಇವರ ಒಂದು ಗಿಟಾರಿಗೆ ಎರಡು ಎಲೆ ಕೂರ್ಸಿಕೊಟ್ಟೆ. ತಗೊಂಡೋನು ಕೇಳಿದ, ಯಾರು ಮಾಡಿದ್ದು ಅಂತ. ಇವರು 'ನಾನೇ' ಅಂದ್ರು. ನಾನು ಒಳಗೆ ನಿಂತು ಕೇಳಿಸ್ಕೊಂಡೆ. ನಗು ಬಂತು ಆಗ."

"ಆಮೇಲೆ?"

"ಆಮೇಲೆ ಅದೇ ನಿಜ ಆಯ್ತು. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯ ಆಗಲ್ವಾ, ಹಾಗೆ."

"ಈ ಕಿಟಕಿ?"

"ಅಂಗಡೀಲಿ ಗಿರಾಕಿಗಳ ಮುಂದೆ ಇವರು ಮಾತಾಡ್ತಾ ಕೂತಿರೋರು. ಅದೇ ಹೊತ್ತಿಗೆ ಒಳಗೆ ಗರಗಸದ ಸದ್ದು ಬಂದ್ರೆ ಜನ ಕೇಳಲ್ವಾ, ಒಳಗ್ಯಾರು ಕೂತಿರೋದು ಅಂತ? ಅದಕ್ಕೆ ಮುಚ್ಚಿಸಿದ್ರು. ಚಿಪ್ಪಿನ ಪುಡಿ ಕೆಟ್ಟದ್ದು, ಕಿಟಕಿ ಬೇಕು ಅಂದೆ. ಬಾಯಿಗೆ ಬಟ್ಟೆ ಕಟ್ಕೋ ಅಂದ್ರು." ಅವರು ಎದೆಯ ಮೇಲೆ ಕೈಯಿಟ್ಟರು. "ಎಲ್ಲಾ ಇಲ್ಲಿ ಹೋಗಿ ಕೂತಿದೆ. ನನ್ನೊಳಗೂ ಒಂದು ಬಳ್ಳಿ ಹಬ್ಬಿರ್ಬೇಕು."

ಮೇಸ್ತ್ರಿಯನ್ನು ಕೊಂದವರ ಮೇಲೆ ನನಗಿದ್ದ ಸಿಟ್ಟು ಅರ್ಧಕ್ಕರ್ಧ ಕರಗಿತು. ಪತ್ತೇದಾರಿಗೆ ಇದು ಒಳ್ಳೆಯ ಲಕ್ಷಣವಲ್ಲ. ಆದರೂ ಕರಗಿತು, ಏನು ಮಾಡಲಿ.

"ಮೈದುನನಿಗೆ ಗೊತ್ತಿತ್ತಾ?"

"ಗೊತ್ತಿಲ್ದೇ ಏನು? ದಿನಾ ಬಡಿಸಿದ್ದು ತಿಂದ. ನಿಮ್ಮ ಕೈ ಯಾಕೆ ಹೀಗೆ ಬಿರಿದಿದೆ ಅತ್ತಿಗೆ ಅಂತ ಒಂದಿನ ಕೇಳ್ಲಿಲ್ಲ."

"ನಿನ್ನೆ ನೀವು ಈ ಬಾಗಿಲಿಂದ ಒಳಗೆ ಹೋದ್ರಿ. ತುದಿ ಎಲೆ ಎಬ್ಬಿಸಿ, ಹೊಸದು ಕೊಯ್ದು ಕೂರ್ಸಿದ್ರಿ. ಇಷ್ಟು ಕೆಮ್ಮು ಇಟ್ಕೊಂಡು. ಯಾಕೆ?"

"ತಪ್ಪಾಗಿತ್ತು ಎಲೆ. ನುಡಿಸೋನ ಕಡೆ ನೋಡ್ತಿರ್ಲಿಲ್ಲ. ಬಳ್ಳೀಲಿ ಒಂದೆಲೆ ಮಂಕಾಗಿದ್ರೆ ನನಗೆ ಊಟ ಸೇರಲ್ಲ. ಕೈ ಕೇಳ್ಲಿಲ್ಲ, ಹೋಗಿ ಸರಿ ಮಾಡ್ದೆ. ಅಷ್ಟೇ."

ನಂಬಬಹುದಾದ ಮಾತೇ. ಇಂಥ ಕೈಯವರು ಹಾಗೇ ಇರುತ್ತಾರೆ. ಗಂಡನ ಹೆಣ ಎತ್ತಿದ ಜಾಗದಲ್ಲೇ ಕೂತು ಎಲೆ ತಿದ್ದಬಲ್ಲರು. ನಾನು ನಂಬಿಯೂ ಬಿಡುತ್ತಿದ್ದೆನೇನೋ. ಆದರೆ ಅವರು "ಅಷ್ಟೇ" ಎಂದದ್ದು ಸ್ವಲ್ಪ ಬೇಗವಾಯಿತು.

"ಹಳೇ ಎಲೆ ಎಲ್ಲಿ?"

"ಎಸೆದೆ."

"ಎಲ್ಲಿ ಎಸೆದ್ರಿ?"

ಅವರ ಕಣ್ಣು ಮೇಜಿನ ಡ್ರಾಯರಿನ ಕಡೆ ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ನಾನು ಡ್ರಾಯರ್ ಎಳೆದೆ. ಕನ್ನಡಕದ ಡಬ್ಬಿ. ಅದರೊಳಗೆ ಕನ್ನಡಕವಿರಲಿಲ್ಲ. ಹತ್ತಿಯ ಮೇಲೆ ಉಗುರಿನಷ್ಟು ದೊಡ್ಡ ಚಿಪ್ಪಿನ ಎಲೆ, ಅಂಚಿನಲ್ಲಿ ಇನ್ನೂ ಗೋಂದು.

ತಪ್ಪಾದ ಎಲೆಯನ್ನು ಯಾರೂ ಹತ್ತಿಯಲ್ಲಿಟ್ಟು ಕಾಪಾಡುವುದಿಲ್ಲ.

ನಾನು ಪೊಲೀಸರ ಎರಡನೇ ಫೋಟೋ ತೆಗೆದು ಅವರ ಮುಂದಿಟ್ಟೆ, ಬಾಗಿಲ ಕಡೆಯಿಂದ ತೆಗೆದದ್ದು. ಅಲ್ಲಿಂದ ನೋಡಿದರೆ ಬಳ್ಳಿಯ ಎಲ್ಲ ಎಲೆಗಳೂ ಮಂಕು. ತುದಿಯ ಎಲೆಯೊಂದೇ ಬೆಳ್ಳಗೆ ಉರಿಯುತ್ತಿತ್ತು.

"ಇದು ತಪ್ಪಾಗಿ ಕೂರ್ಸಿದ ಎಲೆಯಲ್ಲ ಅಮ್ಮ. ಇದೂ ನುಡಿಸೋರ ಕಡೆಗೇ ನೋಡ್ತಿದೆ. ಗಿಟಾರನ್ನ ಆಚೆ ಕಡೆಯಿಂದ ಹಿಡಿಯೋರು ಯಾರೋ ಕೂರ್ಸಿದ್ದು."

ಅವರ ಮುಖದ 'ಅಷ್ಟೇ' ಕಳಚಿ ಬಿತ್ತು.

"ಎಡಗೈಯವರು," ಎಂದೆ.

ಹೇಳುತ್ತಿದ್ದ ಹಾಗೆಯೇ ನನ್ನ ಆಫೀಸಿನ ಮೇಜು ಕಣ್ಣ ಮುಂದೆ ಬಂತು. ಗೋಡೆಗೆ ಬಡಿದ ಮೊಣಕೈ. "ಥತ್." ಚಿಕ್ಕಪ್ಪ ಕೊಂದಿಲ್ಲ, ಅದು ನನಗೆ ಗೊತ್ತು. ಇನ್ನೊಂದು ಮಾತೂ ನೆನಪಾಯಿತು. "ಕಿಟಕಿ ಕೆಳಗಿನ ಬೆಂಚು ಸರಿಯಾಗಿ ನೋಡಿ," ಎಂದಿದ್ದಳು.

"ಅಮ್ಮ, ಕಾರ್ಖಾನೆಯ ಬೆಂಚು ಯಾವಾಗಲೂ ಕಿಟಕಿ ಕೆಳಗೇ ಇತ್ತಾ?"

"ಇಲ್ಲ, ಮಧ್ಯದಲ್ಲಿತ್ತು. ಈಚೆಗೆ ಇವರಿಗೆ ಕಣ್ಣು ಮಂಜಾಗಿ, ಬೆಳಕು ಬೇಕು ಅಂತ ಆ ಕಡೆ ಎಳ್ಸಿದ್ರು," ಎಂದವರು, ಯಾಕೆ ಕೇಳಿದೆನೆಂದು ಹೊಳೆದು ಬಾಯಿ ಮುಚ್ಚಿಕೊಂಡರು.

ವರ್ಷಗಳಿಂದ ಹೊಸ್ತಿಲು ತುಳಿಯದವಳಿಗೆ ಆ ಬೆಂಚು ಕಿಟಕಿ ಕೆಳಗಿದೆ ಎಂದು ಹೇಳಿದವರಾರು?

"ನಾನೇ ಹೊಡ್ದೆ," ಎಂದರು ಮೇಸ್ತ್ರಿಯ ಹೆಂಡತಿ. "ಬರ್ಕೊಳ್ಳಿ. ನಾನೇ ಹೊಡ್ದೆ ಅಂತ ಬರ್ಕೊಳ್ಳಿ. ನನ್ನದಂತೂ ಮುಗಿದ ಬಾಳು, ಈ ಎದೆ ಇಟ್ಕೊಂಡು ಎಷ್ಟು ದಿನ ಇರ್ತೀನಿ? ಅವಳನ್ನ ಬಿಟ್ಬಿಡಿ."

"ಆ ಕ್ಲಾಂಪು ಎತ್ತೋ ಶಕ್ತಿ ನಿಮಗಿಲ್ಲ."

"ಇತ್ತು. ಆವತ್ತು ಇತ್ತು."

"ಆವತ್ತು ನೀವು ಆಸ್ಪತ್ರೇಲಿದ್ರಿ. ಡಾಕ್ಟರನ್ನ ನಾನೇ ಕೇಳ್ಕೊಂಡು ಬಂದಿದ್ದೀನಿ."

"ಹಾಗಾದ್ರೆ ನಿಮ್ಮ ಕಾಲಿಗೆ ಬೀಳ್ತೀನಿ," ಎಂದು ಅವರು ನಿಜಕ್ಕೂ ಬಗ್ಗಿದರು. ನಾನು ಭುಜ ಹಿಡಿದು ಕೂರಿಸಿದೆ. ಹಿಡಿ ಮೂಳೆ, ಅಷ್ಟೇ ಸಿಕ್ಕಿದ್ದು ಕೈಗೆ.

"ಅಮ್ಮನ್ನ ಬಿಡಿ," ಎಂದಳು ಮಗಳು.

ಅಡಿಗೆಮನೆಯ ಬಾಗಿಲಲ್ಲಿ ಯಾವಾಗ ಬಂದು ನಿಂತಳೋ ಗೊತ್ತಿಲ್ಲ. ಲ್ಯಾಬಿನ ಬಿಳಿ ಕೋಟನ್ನೂ ಬಿಚ್ಚಿರಲಿಲ್ಲ. ಅವಳ ಕಣ್ಣು ಮೊದಲು ನನ್ನ ಮೇಲೆ, ಆಮೇಲೆ ಅಮ್ಮನ ಮೇಲೆ, ಕೊನೆಗೆ ಡಬ್ಬಿಯೊಳಗಿನ ಎಲೆಯ ಮೇಲೆ ಬಿತ್ತು. ಹತ್ತಿರ ಬಂದು ಅದನ್ನು ಎಡಗೈಯಲ್ಲಿ ಎತ್ತಿಕೊಂಡಳು.

"ಇದನ್ನ ಇಟ್ಕೊಂಡಿದ್ದೀಯಾ?"

"ನೀನು ಕೊಯ್ದಿದ್ದಲ್ವಾ," ಎಂದರು ತಾಯಿ. "ಎಸೆಯೋಕೆ ಕೈ ಬರ್ಲಿಲ್ಲ."

"ನನಗೋಸ್ಕರ ಒಳಗೆ ಹೋಗಿ ಎಲೆ ಬದಲಾಯಿಸಿದೆಯಾ?"

"ಒಂದೆಲೆ ನೋಡಿದ್ರೆ ಸಾಕು, ನಿನ್ನ ಕೈ ಅಂತ ಗೊತ್ತಾಗುತ್ತೆ. ನನಗೆ ಗೊತ್ತಾಗಿದ್ದು ಇನ್ನೊಬ್ಬರಿಗೂ ಗೊತ್ತಾದ್ರೆ?" ಅವರು ಮಗಳ ಕೋಟಿನ ಅಂಚು ಹಿಡಿದುಕೊಂಡರು. "ಯಾಕೆ ಹೊಡೆದೆ ಅಂತ ನಾನು ಕೇಳಲ್ಲ ಕಣೇ. ಯಾಕೆ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಮಗಳು ಎಲೆಯನ್ನು ಎಡಗೈ ಮುಷ್ಟಿಯಲ್ಲಿ ಮುಚ್ಚಿಕೊಂಡಳು.

"ನಾನು ಹೊಡೀಲಿಲ್ಲ ಅಮ್ಮ. ನೀನು ಹೊಡೆದೆ ಅಂದ್ಕೊಂಡಿದ್ದೆ."

ತಾಯಿಯ ಕೈಯಿಂದ ಕೋಟಿನ ಅಂಚು ಜಾರಿತು.

"ಮೊನ್ನೆ ಅಪ್ಪ ಫೋನ್ ಮಾಡಿದ್ರು," ಎಂದಳು ನನ್ನ ಕಡೆ ತಿರುಗಿ. "ನಿಮ್ಮಮ್ಮ ಆಸ್ಪತ್ರೆಗೆ ಹೋಗ್ತಾಳೆ, ಆಗ ಬಾ, ಬಳ್ಳಿ ಅರ್ಧಕ್ಕೆ ನಿಂತಿದೆ ಅಂತ. ಚಿಕ್ಕವಳಿದ್ದಾಗ ಎಡಚಿಯ ಎಲೆ ನಮ್ಮ ಅಂಗಡಿಗೆ ಬೇಡ ಅಂದಿದ್ದ ಮನುಷ್ಯ. ಹೋದೆ. ಆ ಕಿಟಕಿ ಕೆಳಗೆ ಬಾಗಿಲ ಕಡೆ ಮುಖ ಮಾಡಿ ಕೂತು ಒಂದೆಲೆ ಕೊಯ್ದೆ. ಬೇಕಂತಲೇ ನನ್ನ ಕೈಗೆ ತಿರುಗಿಸಿ ಕೂರ್ಸಿದೆ. ಬೈತಾರೆ ಅಂದ್ಕೊಂಡೆ. ನೋಡಿ ಏನಂದ್ರು ಗೊತ್ತಾ? 'ಪರವಾಗಿಲ್ಲ, ದೂರದಿಂದ ಯಾರಿಗೂ ಗೊತ್ತಾಗಲ್ಲ.'"

ತಾಯಿ ಕಣ್ಣು ಮುಚ್ಚಿಕೊಂಡರು. ಗಂಡ ಸತ್ತ ಸುದ್ದಿ ಅವರಿಗೆ ಈಗ ತಟ್ಟಿದ ಹಾಗಿತ್ತು.

"ಅಮ್ಮನ ಎದೆ ತಿಂದಿದ್ದು ಸಾಲದೆ ನನ್ನದೂ ಬೇಕಾ ಅಂತ ಕೇಳಿದೆ. ಮುಚ್ಚು ಬಾಯಿ ಅಂದ್ರು. ಗರಗಸ ಎಸೆದು ಹೊರಟೆ. ಗೋಂದು ಇನ್ನೂ ಹಸಿ ಇತ್ತು, ಅಪ್ಪ ಎಲೇನ ಹೆಬ್ಬೆಟ್ಟಲ್ಲಿ ಒತ್ತಿ ಹಿಡ್ಕೊಂಡು ಕೂತಿದ್ರು. ನಾನು ಓಣಿ ದಾಟೋವಾಗ ಮನೆ ಬಾಗಿಲು ತೆಗೆದ ಸದ್ದು ಕೇಳಿಸ್ತು. ನೀನು ಬೇಗ ಬಂದೆ, ಎಲೆ ನೋಡಿದೆ, ಅಪ್ಪ ನನ್ನನ್ನೂ ಕೂರ್ಸಿದ್ರು ಅಂತ ಗೊತ್ತಾಯ್ತು, ತಡೀಲಾರ್ದೆ..." ಅವಳ ದನಿ ಒಡೆಯಿತು. "ನಿನ್ನ ಹೆಸರು ಹೇಳೋ ಹಾಗಿಲ್ಲ. ಚಿಕ್ಕಪ್ಪ ಸುಮ್ನೆ ಒಳಗೆ ಕೊಳೆಯೋ ಹಾಗಿಲ್ಲ. ಅದಕ್ಕೇ ಇವರ ಹತ್ರ ಹೋದೆ."

"ನಾನು ಬಂದಾಗ ಅವರ ಮೈ ತಣ್ಣಗಾಗಿತ್ತು," ಎಂದರು ತಾಯಿ. "ಸಂಜೆಯಾಗಿತ್ತಲ್ಲೇ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ತಾಯಿ ಮಗಳ ಎಡಗೈಯನ್ನು ಹಿಡಿದು ತನ್ನ ಕೆನ್ನೆಗೆ ಒತ್ತಿಕೊಂಡರು. ನಾನು ಮುಖ ಆಚೆ ತಿರುಗಿಸಿದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದರು. ಸುಳ್ಳುಗಾರರ ನಡುವೆಯೇ ಕೂದಲು ಹಣ್ಣಾದವಳು ನಾನು, ಸತ್ಯ ಕೇಳಿದರೆ ಗುರುತು ಸಿಗುತ್ತದೆ.

ಹಾಗಿದ್ದರೆ ಆ ಬಾಗಿಲು ತೆಗೆದದ್ದು ಯಾರು?

"ಒಂದು ನಿಮಿಷ," ಎಂದೆ. "ಈ ಎಲೆ ಕೂರ್ಸಿದ್ದು ಮೊನ್ನೆ ಮಧ್ಯಾಹ್ನವೇ? ಅದಕ್ಕಿಂತ ಮುಂಚೆ ಅಲ್ವಾ?"

"ಮೊನ್ನೆ ಮಧ್ಯಾಹ್ನವೇ."

"ಆಮೇಲೆ ಇದನ್ನ ನೋಡಿದ್ದು ಯಾರ್ಯಾರು?"

"ಅಪ್ಪ. ಆಮೇಲೆ ಅಮ್ಮ, ಪೊಲೀಸ್ನೋರು. ಇನ್ಯಾರು ನೋಡ್ತಾರೆ?"

"ನೀವಿಬ್ಬರಲ್ಲಿ ಯಾರಾದ್ರೂ ಲಾಕಪ್ಪಿಗೆ ಹೋಗಿ ಹೇಳಿದ್ರಾ?"

"ನಮ್ಮನ್ನ ಒಳಗೇ ಬಿಡ್ಲಿಲ್ಲ," ಎಂದಳು ಮಗಳು. "ಯಾಕೆ?"

ಪೊಲೀಸರಿಗೆ ಅದು ಎಲೆ ಎಂದೇ ಗೊತ್ತಿರಲಿಲ್ಲ, ನಾನು ಹೇಳುವವರೆಗೆ. ಹಾಗಿದ್ದೂ ಇವತ್ತು ಬೆಳಿಗ್ಗೆ ಒಬ್ಬ ಮನುಷ್ಯ ನನಗೆ ಕುರ್ಚಿ ತೋರಿಸಿ ಕೂರಿಸಿ ಹೇಳಿದ್ದ: ತುದಿ ಎಲೆ ನೋಡಿ ಮೇಡಮ್, ಅದು ಬೇರೆ ಕಡೆ ನೋಡ್ತಿದೆ. ಮೊನ್ನೆ ಬೆಳಕು ಹರಿಯುವ ಮುಂಚೆಯೇ ಡಿಪೋಗೆ ಹೋಗಿ, ಆಮೇಲೆ ಕಾರ್ಖಾನೆಗೆ ಕಾಲೇ ಇಡದ ಮನುಷ್ಯ, ಮಧ್ಯಾಹ್ನ ಕೂರಿಸಿದ ಎಲೆಯನ್ನು ಕಂಡದ್ದು ಹೇಗೆ? ಎಡಗೈಯಲ್ಲಿ ಎಲೆ ಕೂರಿಸುವವಳು ಈ ಮನೆಯಲ್ಲಿ ಯಾರು ಎಂಬುದು ಚೆನ್ನಾಗಿ ಗೊತ್ತಿದ್ದ ಮನುಷ್ಯ. ಹೊರಗಿನೋರು, ಅದನ್ನ ಹಿಡೀರಿ ನೀವು ಎಂದಿದ್ದ. ನೊಣವನ್ನು ಎಲ್ಲಿ ಕೂರಿಸಬೇಕೋ ಅಲ್ಲಿಗೇ ಕಳಿಸಿದ್ದ.

ನನ್ನ ಬಾಯಿಂದಲೇ ಅವನನ್ನು ಬಿಡಿಸುವ ಮಾತು ಆಡಿಸಿಕೊಂಡಿದ್ದ. ಮಗಳನ್ನು ಉಳಿಸಲೆಂದು ಈ ತಾಯಿ ಕೆಮ್ಮುತ್ತ ಕೊಯ್ದ ಎಲೆ, ಅವನಿಗೆ ಲಾಕಪ್ಪಿನ ಬೀಗದ ಕೈಯಾಗಿತ್ತು.

ನಾನು ಕಾರ್ಖಾನೆಯ ಕಡೆ ಓಡಿದೆ. "ಸಾರ್! ಅವನನ್ನ ಬಿಡ್ಬೇಡಿ ಅನ್ನಿ!"

"ಯಾವಾಗಲೋ ಬಿಟ್ಟಾಯ್ತು," ಎಂದರು ಇನ್‌ಸ್ಪೆಕ್ಟರ್ ಹಲ್ಲು ಕಿರಿಯುತ್ತ. "ನಿಮ್ಮ ಮಾತೇ ನಡೀತು ಮೇಡಮ್. ಸಾಹೇಬ್ರು ಬಿಟ್ಟು ಕಳಿಸಿದ್ರು. ಠಾಣೆ ಪಕ್ಕದ ಬೀದೀಲೇ ಅಲ್ವಾ, ಬರೋಕೆ ಎಷ್ಟು ಹೊತ್ತು? ಅತ್ತಿಗೆ ಕೈಲಿ ಒಂದು ಲೋಟ ಕಾಫಿ ಕುಡೀಬೇಕು ಅಂತ ಸೀದಾ ಅಡಿಗೆಮನೆ ಕಡೆಯಿಂದ ಹೋದ."

ನಾನು ತಿರುಗಿ ಉಗ್ರಾಣಕ್ಕೆ ಬಂದಾಗ ಅವನು ಅಡಿಗೆಮನೆಯ ಬಾಗಿಲಿಗೆ ಅಡ್ಡವಾಗಿ ನಿಂತಿದ್ದ. ಮಣಿಕಟ್ಟಿನಲ್ಲಿ ಬೇಡಿಯ ಗುರುತು ಇನ್ನೂ ಕೆಂಪಗಿತ್ತು. ತಾಯಿ ಎದ್ದು ನಿಂತಿದ್ದರು. ಮಗಳು ಕಣ್ಣೊರೆಸಿಕೊಂಡು, "ಚಿಕ್ಕಪ್ಪ, ಬಿಟ್ರಾ?" ಎನ್ನುತ್ತ ಅವನ ಕಡೆ ಒಂದು ಹೆಜ್ಜೆ ಇಟ್ಟಿದ್ದಳು.

"ಸಿಕ್ತಾ ಮೇಡಮ್," ಎಂದು ಅವನು ಮೆಲ್ಲಗೆ ಕೇಳಿದ, "ನಾನು ಹೇಳಿದ ಎಲೆ?"

ಅವನ ಕಣ್ಣು ನನ್ನ ಮೇಲಿರಲಿಲ್ಲ. ಮಗಳ ಮುಚ್ಚಿದ ಎಡಗೈ ಮೇಲಿತ್ತು.